ಮಂಜು ಏನನ್ನು ಸಂಕೇತಿಸುತ್ತದೆ?

ಕಾಫಿ ಸೀಮೆಯಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುವವನಿಗೆ ನಗೆಪಾಟಲಿನ ಪ್ರಸಂಗಗಳಿಗೆ ಬರವಿಲ್ಲ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ. ನಗುವ ಸರದಿ ಮಾತ್ರ ಯಾವಾಗಲೂ ಬೇರೆಯವರದು. ಒಂದು ಸಲವಾದರೂ ನನ್ನ ಸರದಿ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೂಡಿಗೆರೆ ಸೀಮೆಯ ಒಂದು ಖಾಸಗಿ ಕಾಲೇಜು. ಹೆಸರು ಬೇಡ, ಅಲ್ಲಿಯ ಅನ್ನ ಇನ್ನೂ ತಿನ್ನುತ್ತಿದ್ದೇನೆ. ತೊಂಬತ್ತರ ದಶಕದ ನಡುವಿನಲ್ಲಿ ಅಲ್ಲಿಗೆ ಪಾರ್ಟ್ ಟೈಮ್ ಲೆಕ್ಚರರ್ ಆಗಿ ಸೇರಿದೆ. ಅಂದಿನಿಂದ ವರ್ಷವರ್ಷವೂ ಬಿ.ಎ. ತರಗತಿಗೆ ಒಂದೇ ಪುಸ್ತಕ ಪಾಠ ಮಾಡಿದೆ. ವಿಕ್ಟೋರಿಯಾ ರಾಣಿಯ ಕಾಲದ, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲದ ಒಂದು ಕಿರುಕಾದಂಬರಿ. ಪಠ್ಯಪುಸ್ತಕ ಸಮಿತಿಯವರು ಪದ್ಯ ಬದಲಾಯಿಸಿದರು, ನಾಟಕ ಬದಲಾಯಿಸಿದರು, ಇದನ್ನು ಮಾತ್ರ ಮುಟ್ಟಲಿಲ್ಲ. ಬದಲಾಯಿಸಬೇಕಾದರೆ ಅವರು ಮೊದಲು ಅದನ್ನು ಓದಬೇಕಾಗಿತ್ತಲ್ಲ.

ಕತೆ ಇಷ್ಟೇ. ಇಂಗ್ಲೆಂಡಿನ ಒಂದು ಮಬ್ಬು ಊರು, ಚಳಿಗಾಲ. ಉಣ್ಣೆ ಮಿಲ್ಲಿನ ಒಬ್ಬ ಕಲ್ಲೆದೆಯ ಧಣಿ, ಅವನ ಕೈಕೆಳಗೆ ಒಬ್ಬ ಬಡ ಗುಮಾಸ್ತ. ಮಗಳಿಗೆ ಜ್ವರ, ಅರ್ಧ ದಿನ ರಜೆ ಕೊಡಿ ಎಂದು ಗುಮಾಸ್ತ ಕೇಳಿದ್ದಕ್ಕೆ ಧಣಿ ಅವನನ್ನು ಕೆಲಸದಿಂದಲೇ ತೆಗೆದುಹಾಕುತ್ತಾನೆ. ಅದೇ ಸಂಜೆ ಧಣಿ ಮಂಜಿನಲ್ಲಿ ದಾರಿ ತಪ್ಪಿ ಯಾವುದೋ ಮನೆಯ ಬಾಗಿಲು ತಟ್ಟುತ್ತಾನೆ. ಅದು ಆ ಗುಮಾಸ್ತನದೇ ಮನೆ. ಗುಮಾಸ್ತ ತುಟಿ ಪಿಟಕ್ಕೆನ್ನದೆ ಒಂದು ಬಟ್ಟಲು ಬಿಸಿ ಸೂಪು ಕೊಟ್ಟು, ಲಾಟೀನು ಹಿಡಿದು ಮುಂದೆ ಮುಂದೆ ನಡೆದು ಧಣಿಯನ್ನು ಮನೆ ಮುಟ್ಟಿಸುತ್ತಾನೆ. ಬೆಳಗಾಗುವಷ್ಟರಲ್ಲಿ ಧಣಿ ಬೇರೆಯೇ ಮನುಷ್ಯನಾಗಿರುತ್ತಾನೆ. ಗುಮಾಸ್ತನಿಗೆ ಕೆಲಸವೂ ಸಿಗುತ್ತದೆ, ಗೌರವವೂ ಸಿಗುತ್ತದೆ.

ಮೊದಲ ಸಲ ಓದಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಆಗ ನನಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲ.

ಕಣದ ಮೇಲಿನ ಇಂಟರ್ವ್ಯೂ

ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ದೊಡ್ಡ ಕಾಫಿ ಪ್ಲಾಂಟರು. ಇಂಟರ್ವ್ಯೂ ಕಾಲೇಜಿನಲ್ಲಿ ಇರುತ್ತದೆ ಎಂದು ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದರೆ, ಪ್ರಿನ್ಸಿಪಾಲರು, "ಈಗ ಕೊಯ್ಲು ಟೈಮು ಮಾರಾಯ್ರೆ, ಅವ್ರು ಕೆಳಗಿಳಿಯಲ್ಲ. ನಾವೇ ಎಸ್ಟೇಟಿಗೆ ಹೋಗ್ಬೇಕು" ಎಂದು ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡರು.

ಅಧ್ಯಕ್ಷರು ಕಣದಲ್ಲಿದ್ದರು. ಸಿಮೆಂಟು ಕಣದ ತುಂಬ ಕಾಫಿ ಒಣಗಲು ಹರಡಿತ್ತು. ಹೆಂಗಸರು ಕಾಲಿನಿಂದಲೇ ಗೆರೆ ಎಳೆಯುತ್ತಾ ಅದನ್ನು ಮಗುಚುತ್ತಿದ್ದರು. ಅಧ್ಯಕ್ಷರು ಒಂದು ಕಣ್ಣು ನನ್ನ ಮೇಲೆ, ಒಂದು ಕಣ್ಣು ಮೋಡದ ಮೇಲೆ ಇಟ್ಟು ಕೇಳಿದರು.

"ಎಂತ ಪಾಠ ಮಾಡ್ತೀರಿ?"

ನಾನು ಉತ್ಸಾಹದಿಂದ ಕಾದಂಬರಿಯ ಕತೆ ಪೂರ್ತಿ ಹೇಳಿದೆ. ಆಶಯವೇನು, ಪಾತ್ರಗಳೇನು, ತಂತ್ರವೇನು ಎಂದೆಲ್ಲ ಬಿಡಿಸಿ ಹೇಳಿದೆ. ಧಣಿಯ ಮನಃಪರಿವರ್ತನೆಯ ಘಟ್ಟಕ್ಕೆ ಬಂದಾಗ ನನ್ನ ದನಿ ಸ್ವಲ್ಪ ನಡುಗಿತು. ಕಾಫಿ ಮಗುಚುತ್ತಿದ್ದ ಒಬ್ಬ ಹೆಂಗಸು ನಿಂತು ನನ್ನನ್ನು ನೋಡಿದಳು. ಅಧ್ಯಕ್ಷರು ಅವಳನ್ನು ನೋಡಿದರು. ಅವಳು ಮತ್ತೆ ಕಾಲಾಡಿಸಿದಳು.

ಅಧ್ಯಕ್ಷರು ತುಸು ಹೊತ್ತು ಯೋಚನೆ ಮಾಡಿದರು. ಕತೆ ತಟ್ಟಿತು ಅಂದುಕೊಂಡೆ.

"ಅಲ್ಲ ಮೇಷ್ಟ್ರೇ, ಅವನು ಬದಲಾದ ಅಂದ್ರಲ್ಲ. ಆಮೇಲೆ ಆ ಮಿಲ್ಲು ಎಷ್ಟು ದಿನ ನಡೀತು?"

ಪುಸ್ತಕದಲ್ಲಿ ಅದು ಇಲ್ಲ ಎಂದೆ.

"ಇರಲ್ಲ ಬಿಡಿ. ಮುಳುಗಿರುತ್ತೆ" ಎಂದು ಪ್ರಿನ್ಸಿಪಾಲರತ್ತ ತಿರುಗಿದರು. "ಹುಡುಗ ಚೆನ್ನಾಗಿ ಮಾತಾಡ್ತಾನೆ. ಸದ್ಯಕ್ಕೆ ಪಾರ್ಟ್ ಟೈಮ್ ಇರ್ಲಿ. ಕೊಯ್ಲು ಮುಗೀಲಿ, ಖಾಯಂ ಮಾಡೋಣ."

ಬರುವಾಗ ಸ್ಕೂಟರಿನ ಮೇಲೆ ನಾನು ಪ್ರಿನ್ಸಿಪಾಲರನ್ನು, "ಕೊಯ್ಲು ಯಾವಾಗ ಮುಗಿಯುತ್ತೆ ಸಾರ್?" ಎಂದು ಕೇಳಿದೆ.

"ನಾನು ಬಂದಾಗಿನಿಂದ ಮುಗಿದಿಲ್ಲ" ಎಂದರು ಅವರು.

ಸಂಕೇತ

ಆ ಕಾದಂಬರಿಯ ತಂತ್ರದಲ್ಲಿ ಮುಖ್ಯವಾದದ್ದು ಮಂಜು. ಮೊದಲ ಪುಟದಲ್ಲೂ ಮಂಜು, ಕೊನೆಯ ಪುಟದಲ್ಲಿ ಮಂಜು ಕರಗಿ ಬಿಸಿಲು. ಧಣಿಯ ಕುರುಡುತನಕ್ಕೆ ಮಂಜು ಸಂಕೇತ ಎಂದು ಗೈಡಿನಲ್ಲಿ ಬರೆದಿದೆ. ಗೈಡಿನದನ್ನೇ ಹೇಳಿಕೊಟ್ಟರೆ ನಾನೇಕೆ ಬೇಕು? ಹುಡುಗರ ಬಾಯಿಂದಲೇ ಬರಿಸಬೇಕು ಎಂದು ಒಂದು ಜುಲೈ ತಿಂಗಳ ಬೆಳಿಗ್ಗೆ ಕೇಳಿದೆ.

"ಮಂಜು ಏನನ್ನು ಸಂಕೇತಿಸುತ್ತದೆ?"

ಕಳಸದ ಕಡೆಯಿಂದ ಬರುವ ಒಬ್ಬ ಹುಡುಗ ಎದ್ದು ನಿಂತ. "ಬಸ್ಸು ಲೇಟು ಅಂತ ಸಾರ್."

"ಅದಲ್ಲ. ಒಳಗಿನ ಅರ್ಥ ಹೇಳು."

ಅವನು ಕಷ್ಟಪಟ್ಟು ಯೋಚಿಸಿದ. "ಬಸ್ಸು ಬರೋದೇ ಇಲ್ಲ ಅಂತ ಸಾರ್."

ನಾನು ಬೋರ್ಡಿನ ಕಡೆ ತಿರುಗಿ ಬರೆಯುತ್ತಾ, ಮಂಜೆಂದರೆ ಮನುಷ್ಯ ಮನುಷ್ಯನನ್ನು ಕಾಣದಿರುವುದು, ಎದುರಿಗಿದ್ದವನ ಮುಖವೇ ಗೋಚರಿಸದಿರುವುದು ಎಂದು ವಿವರಿಸಲು ಶುರುಮಾಡಿದೆ. ನಮ್ಮ ತರಗತಿಯ ಹಿಂದಿನ ಎರಡು ಕಿಟಕಿಗಳಿಗೆ ಬಾಗಿಲಿಲ್ಲ. ಮಳೆಗಾಲದಲ್ಲಿ ಮಂಜು ಹಾಜರಿ ಹಾಕಿಸಿಕೊಳ್ಳುವಷ್ಟು ಸಲೀಸಾಗಿ ಒಳಗೆ ಬಂದು ಕೂರುತ್ತಿತ್ತು. ಅವತ್ತೂ ಬಂತು. ಹಿಂದಿನ ಬೆಂಚುಗಳು ಮಾಯವಾದವು, ನಡುವಿನವು ಮಸುಕಾದವು. ಸಂದರ್ಭ ತಾನಾಗಿ ಒದಗಿ ಬಂತೆಂದು ನನಗೆ ಆವೇಶವೇ ಬಂತು. ನೋಡಿ, ಇದೇ, ಇದನ್ನೇ ಲೇಖಕ ಹೇಳುತ್ತಿರುವುದು ಎಂದು ಬಹಳ ಹೊತ್ತು ಮಾತಾಡಿದೆ. ಇಡೀ ತರಗತಿ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಅಷ್ಟು ನಿಶ್ಶಬ್ದವನ್ನು ಆ ಕಾಲೇಜಿನಲ್ಲಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಗಾಳಿ ಬೀಸಿ ಮಂಜು ಸರಿದಾಗ ಮುಂದಿನ ಬೆಂಚಿನಲ್ಲಿ ಇಬ್ಬರು ಹುಡುಗಿಯರಿದ್ದರು. ಅವರ ಹಿಂದೆ ಒಬ್ಬ ನಿದ್ದೆ ಮಾಡುತ್ತಿದ್ದ. ಉಳಿದವರೆಲ್ಲ ಕಿಟಕಿ ಹಾರಿ ಕ್ಯಾಂಟೀನಿಗೆ ಹೋಗಿಯಾಗಿತ್ತು. ಮಂಜು ಏನನ್ನು ಸಂಕೇತಿಸುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಒಂದು ಬಟ್ಟಲು ಸೂಪು

ಕ್ಷಮೆ ಈ ಕಾದಂಬರಿಯ ದೊಡ್ಡ ಆಶಯ. ತನ್ನನ್ನು ಬೀದಿಗೆ ಹಾಕಿದವನಿಗೆ ಗುಮಾಸ್ತ ಸೂಪು ಕೊಡುತ್ತಾನಲ್ಲ, ಆ ದೃಶ್ಯ ಓದಿ ಮುಗಿಸಿ ನಾನು ಪುಸ್ತಕ ಮಡಿಚಿ ಸುಮ್ಮನೆ ನಿಂತೆ. ಯಾರಾದರೂ ಒಬ್ಬರು ಕಣ್ಣೊರೆಸಿಕೊಂಡರೆ ಸಾಕಿತ್ತು.

ಒಬ್ಬಳು ಹುಡುಗಿ ಕೇಳಿದಳು, "ಇದ್ರಲ್ಲಿ ದೊಡ್ಡಸ್ತಿಕೆ ಎಂತದು ಸಾರ್? ಮನೆಗೆ ಬಂದೋರಿಗೆ ಕೊಡ್ದೆ ಇರಕಾಗುತ್ತಾ?"

"ಬಂದವನು ಶತ್ರು ಕಣಮ್ಮ."

"ಆದ್ರೆ ಎಂತ ಸಾರ್? ನಮ್ದು, ಪಕ್ಕದ ತೋಟದೋರ್ದು ಬೇಲಿ ಕೇಸು ನಡೀತಿದೆ. ವಾಯಿದೆ ಇದ್ದ ದಿನ ಅವ್ರು ಬೆಳಿಗ್ಗೆ ನಮ್ಮನೆಗೇ ಬಂದು ಕಾಫಿ ಕುಡ್ದು, ನಮ್ಮಪ್ಪನ ಜೀಪಲ್ಲೇ ಚಿಕ್ಕಮಗಳೂರು ಕೋರ್ಟಿಗೆ ಹೋಗ್ತಾರೆ. ಅಲ್ಲಿ ಬೈದಾಡ್ಕೊಂಡು, ಸಂಜೆ ಒಟ್ಟಿಗೆ ವಾಪಸ್ ಬರ್ತಾರೆ."

ಕ್ಷಮೆಯ ಆಶಯ ಅಲ್ಲಿಗೆ ಮುಗಿಯಿತು. ಹೋಗಲಿ, ಧಣಿಯ ಕ್ರೌರ್ಯವನ್ನಾದರೂ ಉಳಿಸಿಕೊಳ್ಳೋಣ ಎಂದು, "ರಜೆ ಕೇಳಿದ್ದಕ್ಕೇ ಕೆಲಸದಿಂದ ತೆಗೆಯೋದು ಎಂಥ ಅನ್ಯಾಯ, ಅಲ್ವೇ?" ಎಂದೆ.

ಪ್ಲಾಂಟರ್ ಮನೆಯ ಒಬ್ಬ ಹುಡುಗನಿಗೆ ಸಿಟ್ಟು ಬಂತು. "ಯಾವ ತಿಂಗಳು ಸಾರ್?"

"ಡಿಸೆಂಬರ್."

"ಡಿಸೆಂಬರಲ್ಲಿ ರಜೆ ಕೇಳಿದ್ರೆ ಯಾರು ಬಿಡ್ತಾರೆ ಸಾರ್? ಹಣ್ಣೆಲ್ಲ ಉದುರಿ ಹೋಗುತ್ತೆ."

ಉಣ್ಣೆಯ ಮಿಲ್ಲಿನಲ್ಲಿ ಉದುರುವುದು ಏನೂ ಇಲ್ಲ ಎಂದು ಹೇಳಿದರೂ ತರಗತಿ ಒಪ್ಪಲಿಲ್ಲ. ಎಲ್ಲರೂ ಧಣಿಯ ಪರ ನಿಂತರು. ತಮ್ಮ ಮನೆಯ ತೋಟ ಅರ್ಧ ಎಕರೆ ಇದ್ದವರೂ ಧಣಿಯ ಪರವೇ.

ಹಿಂದಿನ ಬೆಂಚಿನಲ್ಲಿ ಎಸ್ಟೇಟಿನ ಕೂಲಿ ಲೈನಿನಿಂದ ಬರುವ ಒಬ್ಬಳು ಹುಡುಗಿಯಿದ್ದಳು. ತಂದೆ ತಾಯಿ ಇಬ್ಬರೂ ತೋಟದ ಕೆಲಸದವರು. ಯಾವತ್ತೂ ಬಾಯಿ ಬಿಡದವಳು ಅವತ್ತು ಎದ್ದು ನಿಂತಳು. ಸದ್ಯ, ಗುಮಾಸ್ತನಿಗೆ ಒಬ್ಬಳಾದರೂ ದಿಕ್ಕಾದಳು ಎಂದುಕೊಂಡೆ.

"ತಪ್ಪು ಗುಮಾಸ್ತಂದೇ ಸಾರ್" ಎಂದಳು. "ಮಗಳಿಗೆ ಜ್ವರ ಅಂತ ಕೇಳಬಾರ್ದಿತ್ತು. ಯಾರಾದ್ರೂ ಸತ್ರು ಅನ್ಬೇಕಿತ್ತು. ಸತ್ರೆ ರಜಾ ಕೊಡ್ತಾರೆ. ನಮ್ಮಜ್ಜಿ ಇದುವರೆಗೆ ಮೂರ್ ಸಲ ಸತ್ತಿದಾರೆ."

ತರಗತಿ ಬಿದ್ದು ಬಿದ್ದು ನಕ್ಕಿತು. ಅವಳು ನಗಲಿಲ್ಲ, ಏಕೆಂದರೆ ಅವಳು ತಮಾಷೆ ಮಾಡಿರಲಿಲ್ಲ. ಪ್ಲಾಂಟರ್ ಮನೆಯ ಹುಡುಗ ಮಾತ್ರ ನಗುವುದನ್ನು ನಿಲ್ಲಿಸಿ ಗಂಭೀರವಾಗಿ ಕೇಳಿದ, "ಯಾವ ಎಸ್ಟೇಟು ನಿಮ್ದು?"

ರೇಟು

ಪ್ರತಿ ವರ್ಷ ಕೊಯ್ಲು ಮುಗಿಯಿತು ಎಂಬ ಸುದ್ದಿ ಸಿಕ್ಕ ಕೂಡಲೇ ನಾನು ಅಧ್ಯಕ್ಷರನ್ನು ಕಾಣಲು ಹೋಗುತ್ತಿದ್ದೆ. ಮದುವೆಯಾಗಿತ್ತು, ಬಾಡಿಗೆ ಮನೆ ಮಾಡಿದ್ದೆ. ಸರ್ಕಾರದ ಅನುದಾನದ ಹುದ್ದೆಗೆ ವಯಸ್ಸಿನ ಮಿತಿ ಇದೆ, ಅದು ದಾಟುವುದರೊಳಗೆ ಇಲಾಖೆಗೆ ನನ್ನ ಹೆಸರು ಕಳಿಸಿ ಎಂಬುದಷ್ಟೇ ನನ್ನ ಬೇಡಿಕೆ. ಹೆಸರು ಕಳಿಸಬೇಕಾದವರು ಅಧ್ಯಕ್ಷರು. ಅದಕ್ಕೆ ಬೇಕಾದದ್ದು ಅವರದೊಂದು ರುಜು.

ಒಂದು ವರ್ಷ ಹೂಮಳೆ ಬಂದಿರಲಿಲ್ಲ. "ಹೂವೇ ಆಗಿಲ್ಲ ಮೇಷ್ಟ್ರೇ, ತಲೆ ಕೆಟ್ಟು ಹೋಗಿದೆ." ಮರುವರ್ಷ ಹೂಮಳೆ ಬಂತು, ಆದರೆ ಬೇಡದಷ್ಟು ಬಂತು. ಆಮೇಲೆ ಕಾಯಿಕೊರಕ ಹುಳು ಬಂತು. ಅದು ಕಾಫಿಯನ್ನು ಕೊರೆದದ್ದಕ್ಕಿಂತ ನನ್ನನ್ನು ಕೊರೆದದ್ದೇ ಹೆಚ್ಚು. ರೇಟು ಏರಿದ ವರ್ಷ ಅಧ್ಯಕ್ಷರು ಹೊಸ ಮನೆ ಕಟ್ಟಿಸುತ್ತಿದ್ದರು. "ಈಗೆಲ್ಲಿ ಪುರುಸೊತ್ತು?" ಎಂದರು. ರೇಟು ಕುಸಿದ ವರ್ಷ ಅದೇ ಹೊಸ ಮನೆಯ ಜಗಲಿಯಲ್ಲಿ ಕೂತು, "ಈಗ ಹೇಗೆ ಸಾಧ್ಯ? ನೀವೇ ಹೇಳಿ" ಎಂದರು. ನಾನು ಏನು ಹೇಳಲಿ? ಸಾಧ್ಯವಿಲ್ಲ ಎಂದು ನಾನೇ ಹೇಳಿ, ಕಾಫಿ ಕುಡಿದು ಬಂದೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಪ್ರಿನ್ಸಿಪಾಲರು ಒಳ್ಳೆಯವರು. ನನ್ನ ಮುಖ ನೋಡಿ ಮರುಗಿ ಉಪಾಯ ಹೇಳಿಕೊಟ್ಟರು.

"ನೀವು ಹೋಗೋ ಟೈಮೇ ಸರಿಯಿಲ್ಲ ಮಾರಾಯ್ರೆ. ಮಳೆ ಹೆಚ್ಚೂ ಅಲ್ಲ, ಕಮ್ಮಿನೂ ಅಲ್ಲ, ರೇಟು ಏರೂ ಇಲ್ಲ, ಇಳಿದೂ ಇಲ್ಲ ಅನ್ನೋ ಒಂದು ವರ್ಷ ನೋಡ್ಕೊಂಡು ಹೋಗಿ."

ಗೈಡಿನ ಪಾಲು

ಬಸ್ ಸ್ಟ್ಯಾಂಡಿನ ಹತ್ತಿರ ಸಾಹೇಬರೊಬ್ಬರ ಪುಸ್ತಕದಂಗಡಿ. ಆ ಕಾದಂಬರಿಯನ್ನು ಅವರು ತರಿಸುತ್ತಲೇ ಇರಲಿಲ್ಲ. "ಅದನ್ನ ಯಾರ್ ತಗೋತಾರೆ ಸಾರ್, ನಿಮ್ಮನ್ನ ಬಿಟ್ರೆ?" ಎನ್ನುತ್ತಿದ್ದರು. ಗೈಡು ಮಾತ್ರ ಬಿಸಿ ಬೋಂಡಾದ ಹಾಗೆ ಖರ್ಚಾಗುತ್ತಿತ್ತು. ಗೈಡಿನಲ್ಲಿ ಮೂರು ಭಾಗ: ಥೀಮು, ಕ್ಯಾರೆಕ್ಟರು, ಟೆಕ್ನಿಕ್ಕು.

ಒಂದು ವರ್ಷ ಪರೀಕ್ಷೆಯ ಮುಂಚೆ ಅಂಗಡಿಯಲ್ಲಿ ಉಳಿದದ್ದು ಒಂದೇ ಪ್ರತಿ. ಬಾಡಿಗೆ ರೂಮಿನಲ್ಲಿ ಒಟ್ಟಿಗಿದ್ದ ಮೂವರು ಹುಡುಗರು ಒಂದೇ ಹೊತ್ತಿಗೆ ಅದರ ಮೇಲೆ ಕೈಯಿಟ್ಟರು. ನನಗೆ ಬೇಕು, ನನಗೆ ಬೇಕು ಎಂದು ಮಾತಿಗೆ ಮಾತು ಬೆಳೆಯಿತು. ಕೊನೆಗೆ ಸಾಹೇಬರೇ ಪಂಚಾಯ್ತಿಗೆ ಕೂತು, ಬ್ಲೇಡು ತಂದು, ಗೈಡನ್ನು ಬೆನ್ನುದ್ದಕ್ಕೆ ಕೊಯ್ದು ಮೂರು ಪಾಲು ಮಾಡಿದರು. ಅಣ್ಣತಮ್ಮಂದಿರ ತೋಟ ಹಿಸ್ಸೆಯಾದಂತೆ ಚೀಟಿ ಎತ್ತಿಸಿ, ಒಬ್ಬನಿಗೆ ಥೀಮು, ಒಬ್ಬನಿಗೆ ಕ್ಯಾರೆಕ್ಟರು, ಒಬ್ಬನಿಗೆ ಟೆಕ್ನಿಕ್ಕು ಕೊಟ್ಟು ಕಳಿಸಿದರು.

ಮೊದಲು ಕಾಲೇಜಿನ ಟೆಸ್ಟು. ಧಣಿಯ ಪಾತ್ರ ಚಿತ್ರಣ ಬರೆಯಿರಿ ಎಂದು ಕೇಳಿದ್ದೆ. ಕ್ಯಾರೆಕ್ಟರ್ ಪಾಲಿನವನು ಗೈಡನ್ನು ಕಾಮಾ ಬಿಡದೆ ಇಳಿಸಿದ್ದ. ಥೀಮ್ ಪಾಲಿನವನು, "ಧಣಿ ಈ ಕಾದಂಬರಿಯ ಮುಖ್ಯ ಆಶಯ. ಎರಡನೆಯ ಆಶಯ ಬಡತನ" ಎಂದು ಶುರುಮಾಡಿ, ಧಣಿಯನ್ನು ಅಲ್ಲಿಗೇ ಬಿಟ್ಟು ಮುಂದಕ್ಕೆ ಹೋಗಿದ್ದ. ಟೆಕ್ನಿಕ್ ಪಾಲಿನವನು, "ಧಣಿಯನ್ನು ತಿಳಿಯಬೇಕಾದರೆ ಮೊದಲು ಮಂಜನ್ನು ತಿಳಿಯಬೇಕು" ಎಂದು ಬರೆದು, ಆಮೇಲೆ ಪುಟಗಟ್ಟಲೆ ಮಂಜನ್ನೇ ಬರೆದಿದ್ದ. ನಿಜ ಹೇಳಬೇಕೆಂದರೆ ಆ ಒಂದು ವಾಕ್ಯದಷ್ಟು ಒಳ್ಳೆಯ ವಾಕ್ಯ ನನ್ನ ತರಗತಿಯಲ್ಲಿ ಯಾರೂ ಬರೆದಿರಲಿಲ್ಲ.

ಮೂವರನ್ನೂ ಕರೆದು ವಿಚಾರಿಸಿದಾಗ ಹಿಸ್ಸೆಯ ಸಂಗತಿ ಹೊರಬಿತ್ತು.

"ಅಲ್ರಯ್ಯಾ, ಒಂದೇ ರೂಮಿನಲ್ಲಿದ್ದೀರಿ. ಒಬ್ಬರದು ಇನ್ನೊಬ್ಬರು ಬದಲಾಯಿಸಿಕೊಂಡು ಓದಬಾರದೇ?"

ಕ್ಯಾರೆಕ್ಟರ್ ಪಾಲಿನವನು ಹೇಳಿದ, "ಒಂದ್ ಸಲ ಪಾಲಾದ ಮೇಲೆ ಇನ್ನೊಬ್ಬನ ಜಾಗಕ್ಕೆ ಕಾಲಿಡೋದು ಸರಿಯಲ್ಲ ಸಾರ್. ಆಮೇಲೆ ಮಾತು ಬರುತ್ತೆ."

"ಹಾಗಾದರೆ ಕಾದಂಬರಿಯನ್ನಾದರೂ ಓದಬೇಕಿತ್ತು."

"ಕಾದಂಬರಿನಾ ಸಾರ್?" ಎಂದು ಅವನು ಉಳಿದಿಬ್ಬರ ಕಡೆ ತಿರುಗಿದ. "ಅದು ಯಾರ ಪಾಲಿಗೆ ಬಂತ್ರೋ?"

ವರ್ಷದ ಕೊನೆಯ ಪರೀಕ್ಷೆಯಲ್ಲಿ ಪಾತ್ರಗಳ ಮೇಲೇ ಪ್ರಶ್ನೆ ಬಿತ್ತು. ಕ್ಯಾರೆಕ್ಟರ್ ಪಾಲಿನವನಿಗೆ ಫಸ್ಟ್ ಕ್ಲಾಸ್. ಟೆಕ್ನಿಕ್ ಪಾಲಿನವನು ಫೇಲಾಗಿ ಆಲ್ದೂರಿನಲ್ಲಿ ಅಂಗಡಿ ಹಾಕಿದ. ಈಗಲೂ ಮಂಜು ಬಿದ್ದ ದಿನ ಆ ದಾರಿಯಲ್ಲಿ ಹೋದರೆ, "ಬನ್ನಿ ಸಾರ್, ನಮ್ಮ ಟೆಕ್ನಿಕ್ ಬಂದಿದೆ" ಎಂದು ಕರೆದು ಟೀ ಕೊಡುತ್ತಾನೆ.

ಧಣಿ ಬಾಗಿಲಿಗೆ ಬಂದದ್ದು

ಇನ್ನು ಹೇಳುವುದು ನಾನು ಕಟ್ಟಿದ ಕತೆ ಎಂದುಕೊಂಡು ಸಹೋದ್ಯೋಗಿಗಳು ನಂಬಲಿಲ್ಲ. ನಂಬಿ ಎಂದು ನಾನೂ ಒತ್ತಾಯ ಮಾಡಲಿಲ್ಲ.

ಎರಡು ಸಾವಿರದ ಇಸವಿ ದಾಟಿತ್ತು. ಒಂದು ಆಗಸ್ಟ್ ಸಂಜೆ. ದೀಪ ಹಚ್ಚುವ ಹೊತ್ತಿಗೆಲ್ಲ ಅಂಗಳದ ಕಲ್ಲು ಕಾಣದಷ್ಟು ಮಂಜು. ಯಾರೋ ಬಾಗಿಲು ತಟ್ಟಿದರು. ತೆರೆದರೆ ತಲೆಗೆ ಟವೆಲು ಸುತ್ತಿಕೊಂಡು, ನೆನೆದು ತೊಪ್ಪೆಯಾಗಿ ಅಧ್ಯಕ್ಷರು ನಿಂತಿದ್ದಾರೆ. ಡ್ರೈವರ್ ರಜೆ ಹಾಕಿದ್ದನಂತೆ. ತಾವೇ ಜೀಪು ಓಡಿಸಿಕೊಂಡು ಬಂದು, ಒಂದು ಹೆಡ್‌ಲೈಟೂ ಕೈಕೊಟ್ಟು, ರಸ್ತೆ ಯಾವುದು ಚರಂಡಿ ಯಾವುದು ಎಂದು ತಿಳಿಯದೆ ಬೆಳಕು ಕಂಡಲ್ಲಿ ನಿಲ್ಲಿಸಿದ್ದರು.

ಬೆಳಕು ನಮ್ಮ ಮನೆಯದಾಗಿತ್ತು. ಈ ಅಧ್ಯಾಯ ನನಗೆ ಬಾಯಿಪಾಠ ಬರುತ್ತಿತ್ತು.

ಹೆಂಡತಿ ಒಣ ಟವೆಲು ಕೊಟ್ಟಳು. ಬಿಸಿ ಬಿಸಿ ಅಕ್ಕಿರೊಟ್ಟಿ, ಕಳಲೆ ಪಲ್ಯ ಬಡಿಸಿದಳು. ಅಧ್ಯಕ್ಷರು ಒಲೆಯ ಹತ್ತಿರ ಮಣೆ ಹಾಕಿಕೊಂಡು ಕೂತು ತಿಂದರು. ಮೂರನೆಯ ರೊಟ್ಟಿ ಮುರಿಯುತ್ತಾ ನನ್ನನ್ನು ದಿಟ್ಟಿಸಿ ನೋಡಿದರು.

"ನಿಮ್ಮನ್ನ ಎಲ್ಲೋ ನೋಡಿದೀನಲ್ಲ?"

"ನಿಮ್ಮ ಕಾಲೇಜಿನಲ್ಲೇ ಸಾರ್. ಇಂಗ್ಲಿಷ್."

"ಹೌದಾ! ಇನ್ನೂ ಇದೀರಾ?" ಎಂದರು ಸಂತೋಷದಿಂದ.

ಕಾಫಿಯೂ ಆಯಿತು. ಮಂಜು ಸರಿಯುವ ಸೂಚನೆ ಇರಲಿಲ್ಲ. ನಾನು ಟಾರ್ಚು ತೆಗೆದುಕೊಂಡು ಜೀಪಿನ ಮುಂದೆ ನಡೆದೆ. ಹಿಂದೆ ಜೀಪು ಮೊದಲನೇ ಗೇರಿನಲ್ಲಿ ಗುರುಗುಟ್ಟುತ್ತಾ ಬರುತ್ತಿತ್ತು. ಎಸ್ಟೇಟಿನ ಗೇಟಿನವರೆಗೆ ದಾರಿಯುದ್ದಕ್ಕೂ ಕಾಲಿಗೆ ಇಂಬಳ ಹತ್ತಿ ರಕ್ತ ಹೀರಿದರೂ ನಾನು ಬಗ್ಗಲಿಲ್ಲ. ಲಾಟೀನು ಹಿಡಿದ ಗುಮಾಸ್ತ ಬಗ್ಗಿದ್ದನೆಂದು ಪುಸ್ತಕದಲ್ಲಿ ಎಲ್ಲೂ ಇಲ್ಲ. ಗೇಟಿನಲ್ಲಿ ಅಧ್ಯಕ್ಷರು ಜೀಪು ನಿಲ್ಲಿಸಿ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಮೇಷ್ಟ್ರೇ, ಇವತ್ತಿಂದು ನಾನು ಮರೆಯೋನಲ್ಲ."

ನಾನು ಒಬ್ಬನೇ ಅದೇ ಮಂಜಿನಲ್ಲಿ ವಾಪಸು ನಡೆದೆ. ಹಾಡಿಕೊಂಡು ನಡೆದೆ. ಮನೆಗೆ ಬಂದಾಗ ಹೆಂಡತಿ ಉಪ್ಪು ಹಚ್ಚಿ ಇಂಬಳ ಬಿಡಿಸುತ್ತಾ, "ಏನಂದ್ರು?" ಎಂದಳು. ಇನ್ನು ಉಳಿದದ್ದು ಕೊನೆಯ ಅಧ್ಯಾಯ ಒಂದೇ ಎಂದೆ. ಅವಳೂ ನಕ್ಕಳು. ಅಂಥ ನಗು ನಮ್ಮ ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು.

ಅಧ್ಯಕ್ಷರು ನಿಜಕ್ಕೂ ಬದಲಾದರು. ಅಲ್ಲಿಯವರೆಗೆ ವರ್ಷವರ್ಷವೂ ಎದುರಿಗೆ ಹೋಗಿ ನಿಂತರೂ ಅವರಿಗೆ ನನ್ನ ಗುರುತೇ ಇರಲಿಲ್ಲ. ಆ ದಿನದಿಂದ ಮಂಜು ಬಿದ್ದಾಗಲೆಲ್ಲ ಪ್ರಿನ್ಸಿಪಾಲರಿಗೆ ಫೋನು ಬರತೊಡಗಿತು. "ನಮ್ಮ ಇಂಗ್ಲಿಷ್ ಮೇಷ್ಟ್ರನ್ನ ಕಳಿಸಿ. ಟಾರ್ಚು ಹಿಡ್ಕೊಂಡು ಅವ್ರು ಮುಂದೆ ನಡೆದ್ರೆ ನಂಗೆ ಧೈರ್ಯ." ಆಡಳಿತ ಮಂಡಳಿಯ ಸಭೆಯಲ್ಲೂ ನನ್ನನ್ನು ಹೊಗಳಿದರಂತೆ, ಕಾಲೇಜಿನಲ್ಲಿ ರಸ್ತೆ ಗೊತ್ತಿರುವ ಲೆಕ್ಚರರ್ ಅವರೊಬ್ಬರೇ ಎಂದು. ಎರಡು ಮಳೆಗಾಲ ಹೀಗೇ ಕಳೆಯಿತು. ಅಷ್ಟರಲ್ಲಿ ನನ್ನ ವಯಸ್ಸು ಮಿತಿ ದಾಟಿತು. ರುಜು ಬೀಳಲೇ ಇಲ್ಲ.

ಮಿತಿ ದಾಟಿದ ದಿನ ಟಾರ್ಚಿಗೆ ಹೊಸ ಸೆಲ್ ಹಾಕುತ್ತಾ ಹೆಂಡತಿ ಹೇಳಿದಳು, "ನಿಮ್ಮ ಕತೆಯ ಗುಮಾಸ್ತ ಪುಣ್ಯವಂತ ಕಣ್ರೀ. ಅವನದು ಒಂದೇ ಮಂಜಿಗೆ ಮುಗೀತು."

ಖಾಯಂ

ವಯಸ್ಸು ದಾಟಿದ ಮರುವರ್ಷವೇ ಇಂಗ್ಲಿಷ್ ವಿಭಾಗಕ್ಕೆ ಖಾಯಂ ಹುದ್ದೆ ಮಂಜೂರಾಯಿತು. ಆ ವರ್ಷ ಮಳೆ ಹೆಚ್ಚೂ ಇರಲಿಲ್ಲ, ಕಮ್ಮಿಯೂ ಇರಲಿಲ್ಲ. ರೇಟು ಏರಿರಲಿಲ್ಲ, ಇಳಿದಿರಲಿಲ್ಲ. ಪ್ರಿನ್ಸಿಪಾಲರ ಮಾತು ಅಕ್ಷರಶಃ ನಿಜವಾಗಿತ್ತು.

ಅಧ್ಯಕ್ಷರು ನನ್ನನ್ನು ಕರೆಸಿ ಬಹಳ ನೊಂದುಕೊಂಡರು. "ನಿಯಮ ಮೇಷ್ಟ್ರೇ, ನಾನೆಂತ ಮಾಡ್ಲಿ? ಒಂದ್ ಎರಡು ವರ್ಷ ಮೊದ್ಲು ನೀವು ಹೇಳ್ಬಾರ್ದಿತ್ತಾ?" ಎಂದರು. ಏನಾದರೂ ಅಂದುಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು. "ಒಂದು ಉಪಕಾರ ಆಗ್ಬೇಕು. ಇಂಟರ್ವ್ಯೂಗೆ ವಿಷಯ ತಜ್ಞರು ಅಂತ ಒಬ್ರು ಬೇಕು. ಇಲ್ಲಿ ನಿಮ್ಮನ್ನ ಬಿಟ್ರೆ ಇಂಗ್ಲಿಷ್ ಗೊತ್ತಿರೋರು ಯಾರಿದಾರೆ?"

ಹೀಗೆ, ಆ ಹುದ್ದೆಗೆ ಅನರ್ಹನಾದ ನಾನು ಆ ಹುದ್ದೆಗೆ ಯಾರು ಅರ್ಹರೆಂದು ಹೇಳಲು ಅರ್ಹನಾದೆ. ಈ ಸಲ ಇಂಟರ್ವ್ಯೂ ಕಾಲೇಜಿನಲ್ಲೇ ನಡೆಯಿತು. ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಬಂದು ಹೋದರು. ಕೊನೆಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಒಳಗೆ ಬಂದವನು ಅವನೇ, ಕ್ಯಾರೆಕ್ಟರ್ ಪಾಲಿನವನು. ಎಂ.ಎ. ಮಾಡಿಕೊಂಡಿದ್ದ. ನನ್ನನ್ನು ಕಂಡ ಕೂಡಲೇ ಬಗ್ಗಿ ಕಾಲು ಮುಟ್ಟಿದ. ಅಧ್ಯಕ್ಷರಿಗೆ ಅದು ಬಹಳ ಹಿಡಿಸಿತು.

ನಾನು ಕೇಳಿದೆ, "ಆ ಕಾದಂಬರಿಯಲ್ಲಿ ಮಂಜು ಏನನ್ನು ಸಂಕೇತಿಸುತ್ತದೆ?"

ಅವನು ತಲೆ ತಗ್ಗಿಸಿದ. "ಅದು ಟೆಕ್ನಿಕ್ ಸಾರ್. ನಿಮಗೇ ಗೊತ್ತಲ್ಲ."

"ಏನಂತೆ?" ಎಂದರು ಅಧ್ಯಕ್ಷರು. ನಾನು ಗೈಡಿನ ಪಾಲಿನ ಸಂಗತಿಯನ್ನೆಲ್ಲ ಹೇಳಿಬಿಟ್ಟೆ. ಸಾಹೇಬರ ಬ್ಲೇಡು, ಚೀಟಿ, ಒಬ್ಬನ ಜಾಗಕ್ಕೆ ಒಬ್ಬ ಕಾಲಿಡದಿದ್ದದ್ದು ಎಲ್ಲವನ್ನೂ. ಕೆಟ್ಟ ಉದ್ದೇಶದಿಂದಲೇ ಹೇಳಿದೆ, ಬಚ್ಚಿಡುವುದೇಕೆ? ಇದನ್ನು ಕೇಳಿದ ಮೇಲೆ ಅವನು ಆಯ್ಕೆಯಾಗಲಾರ ಎಂಬುದೇ ನನ್ನ ಲೆಕ್ಕಾಚಾರ. ಅಧ್ಯಕ್ಷರು ನಗಲಿಲ್ಲ. ಗಂಭೀರವಾಗಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಒಂದೇ ರೂಮಲ್ಲಿದ್ರೂ ಇನ್ನೊಬ್ಬನ ಪಾಲಿನ ಹಾಳೆ ಮುಟ್ಲಿಲ್ವಾ ನೀನು?"

"ಇಲ್ಲ ಸಾರ್."

"ನೋಡಿ!" ಎಂದು ಅಧ್ಯಕ್ಷರು ಮೇಜು ಗುದ್ದಿದರು. "ನನ್ನ ಸ್ವಂತ ತಮ್ಮ ಪಾಲಾದ ಮಾರನೇ ದಿನಾನೇ ನನ್ನ ತೋಟದ ಬೇಲಿ ಒತ್ತಿದ. ಇಂಥ ಹುಡುಗ ಎಲ್ಲಿ ಸಿಗ್ತಾನೆ ಮೇಷ್ಟ್ರೇ ಈ ಕಾಲದಲ್ಲಿ?" ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ನಾನು ಅಷ್ಟು ವರ್ಷ ಪಾಠ ಮಾಡಿ ಯಾರ ಕಣ್ಣಲ್ಲೂ ತರಿಸಲಾಗದ ನೀರು. ಅಲ್ಲೇ, ಆಗಲೇ ರುಜು ಹಾಕಿದರು. ಪೆನ್ನು ನನ್ನದು.

ಹುಡುಗ ಸೇರಿದ. ಕೆಟ್ಟವನಲ್ಲ, ಇವತ್ತಿಗೂ ನನ್ನೆದುರು ಕುರ್ಚಿಯಲ್ಲಿ ಕೂರುವುದಿಲ್ಲ. ಮೊದಲ ದಿನ ಸ್ಟಾಫ್ ರೂಮಿಗೆ ಟೈಮ್ ಟೇಬಲ್ ಹಿಡಿದುಕೊಂಡು ಬಂದು, ಸಂಕೋಚದಿಂದ ಕೈ ಹಿಸುಕಿಕೊಳ್ಳುತ್ತಾ ನಿಂತ.

"ಸಾರ್, ಆ ಕಾದಂಬರಿ ಇಬ್ರೂ ಹಂಚ್ಕೊಂಡು ಮಾಡೋಣ. ಕ್ಯಾರೆಕ್ಟರ್ ನಾನು ಮಾಡ್ತೀನಿ. ಥೀಮು, ಟೆಕ್ನಿಕ್ಕು ನೀವು ಮಾಡಿ. ನನ್ನ ಪಾಲಿಗೆ ಬಂದಿದ್ದು ಅಷ್ಟೇ ಅಲ್ವಾ?"

ಆಗಲಿ ಎಂದೆ. ಹೊರಗೆ ಮಂಜು ಇಳಿಯುತ್ತಿತ್ತು. ಪ್ರಿನ್ಸಿಪಾಲರ ಕೋಣೆಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಅದು ಯಾರದೆಂದು ಗೊತ್ತಿದ್ದರಿಂದ ನಾನು ಮೇಜಿನಿಂದ ಟಾರ್ಚು ತೆಗೆದುಕೊಂಡು ಎದ್ದೆ. ಬಾಗಿಲವರೆಗೆ ಹೋದವನು ಒಂದು ಅನುಮಾನ ಬಂದು ತಿರುಗಿ ಕೇಳಿದೆ.

"ಅಲ್ಲಯ್ಯಾ, ಕೊನೆಗೆ ಧಣಿಯ ಮನಸ್ಸು ಬದಲಾಗುತ್ತಲ್ಲ. ಅದು ಯಾರಿಗೆ ಸೇರಿದ್ದು?"

ಅವನು ಒಂದು ಕ್ಷಣವೂ ಯೋಚಿಸಲಿಲ್ಲ.

"ಅದು ಥೀಮ್ ಸಾರ್. ಅದನ್ನ ನೀವೇ ಮಾಡ್ಬೇಕು."